ಮುನಿಯಣ್ಣನ ಕೊರಳ ಮಾಲೆ

"ನಿಲ್ಸಿ, ನಿಲ್ಸಿ," ಎನ್ನುತ್ತ ಸೀನು ಬರಿಗಾಲಲ್ಲೇ ಬೀದಿಯ ತಿರುವಿಗೆ ಓಡಿ, ತಮಟೆಯವರ ಮುಂದೆ ಎರಡೂ ಕೈ ಅಡ್ಡ ಚಾಚಿ ನಿಂತ. ಅವರು ಆಗಷ್ಟೇ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸಿ, ಬೆರಳಲ್ಲಿ ಬಡಿದು ಬಿಗಿ ನೋಡಿ, ಕೋಲು ಎತ್ತಿದ್ದರು. ಒಂದು ಏಟು ಬಿದ್ದೂ ಆಗಿತ್ತು. ಅದು ಸಾರಕ್ಕಿಯ ಅರ್ಧ ಊರಿಗೆ ಕೇಳಿಸಿರಬೇಕು.

"ಯಾಕಣ್ಣ, ಮುನಿಯಣ್ಣಂಗೆ ತಮಟೆ ಬೇಡ್ವಾ?" ಎಂದು ಅವರಲ್ಲಿ ಹಿರಿಯ ಕೇಳಿದ.

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಊರಲ್ಲಿ ಯಾರ ಹೆಣ ಎದ್ದರೂ ತಲೆಗೆ ಟವೆಲ್ ಸುತ್ತಿ ತಮಟೆಯ ಮುಂದೆ ಮೊದಲ ಹೆಜ್ಜೆ ಹಾಕುತ್ತಿದ್ದವನು ಮುನಿಯಣ್ಣ. ಅಂಥವನ ಹೆಣಕ್ಕೇ ತಮಟೆ ಬೇಡವೆಂದರೆ ಯಾರಿಗಾದರೂ ಸೋಜಿಗವೇ. ಅಪ್ಪ ತುಳಸಿ ಮಾಲೆ ಹಾಕಿಕೊಂಡಿದ್ದರು, ಭಜನೆಯವರು ಬರುತ್ತಿದ್ದಾರೆ, ತಮಟೆ ಕೂಡದು ಎಂದು ಸೀನು ತಗ್ಗಿದ ದನಿಯಲ್ಲಿ ಹೇಳಿ ಅವರ ಮುಖ ನೋಡದೆ ತಿರುಗಿದ. "ಯಾವ ಮುನಿಯಣ್ಣ ಮಾಲೆ ಹಾಕ್ಕೊಂಡಿದ್ದು? ನಮ್ಮ ಮುನಿಯಣ್ಣನಾ?" ಎಂದು ಹಿಂದೆ ಯಾರೋ ಅಂದದ್ದು ಕೇಳಿಸಿತು. ಅವನ ಕಿವಿ ಬಿಸಿಯಾಯಿತು.

ಮನೆಯ ಮುಂದೆ ತೆಂಗಿನ ಗರಿಯ ಚಪ್ಪರದಡಿ ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಮೈ ಇಳಿದು ಹೋಗಿತ್ತು. ಮೀಸೆಯೊಂದೇ ಮೊದಲಿನ ಗಾತ್ರದಲ್ಲಿ ಉಳಿದಿತ್ತು. ಕೊರಳಲ್ಲಿ ಮಾಲೆ. ತಲೆಯ ಹತ್ತಿರ ಅವ್ವ ಗೋವಿಂದಮ್ಮ ಕೂತಿದ್ದಳು. ಬೆಳಗಿನ ಜಾವ ಪ್ರಾಣ ಹೋದಾಗ ಅತ್ತದ್ದಷ್ಟೇ. ತಮಟೆ ಒಂದೇ ಏಟಿಗೆ ನಿಂತದ್ದು ಕೇಳಿ ಮಗನ ಮುಖ ನೋಡಿದಳು, ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು ಎಂದು ಸೀನುವಿಗೆ ಅನ್ನಿಸಿತು.

ಸೀನುವಿನ ಜನರಲ್ಲಿ ಮಾಲೆ ಹಾಕಿಕೊಂಡವರು ಎಂದರೆ ಸುಮ್ಮನೆ ಅಲ್ಲ. ಹೆಂಡ, ಮಾಂಸ ಎರಡನ್ನೂ ಮುಟ್ಟುವಂತಿಲ್ಲ. ಸತ್ತರೆ ತಮಟೆಯಿಲ್ಲ, ಕುಣಿತವಿಲ್ಲ. ಶಂಖ, ಜಾಗಟೆ, ಭಜನೆ ಅಷ್ಟೆ. ಕದಿರೇನಹಳ್ಳಿಯ ದಾಸಪ್ಪನವರ ಮನೆತನದಲ್ಲಿ ತಲೆತಲಾಂತರದಿಂದ ಮಾಲೆ ನಡೆದು ಬಂದಿದೆ. ಆ ದಾಸಪ್ಪನವರ ಮಗನಿಗೇ ಸೀನುವಿನ ಮಗಳು ವಿಮಲಾಳನ್ನು ಕೊಡುವುದೆಂದು ಮಾತಾಗಿತ್ತು. ಹುಡುಗ ಹೈಸ್ಕೂಲ್ ಮೇಷ್ಟ್ರು, ಅಪರಂಜಿಯಂಥವನು. ವಿಮಲಾ ಅವನ ಹೆಸರೆತ್ತಿದರೆ ಸಾಕು, ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಬೀಗರಾಗುವವರ ಮನೆಯಲ್ಲಿ ಸಾವಾಯಿತೆಂದು ದಾಸಪ್ಪನವರೇ ಭಜನೆಯವರನ್ನು ಕಟ್ಟಿಕೊಂಡು ಹೊರಟಿದ್ದರು. ಇವತ್ತು ಒಂದು ದಿನ ಯಾರ ಬಾಯಿಂದಲೂ ಏನೂ ಬೀಳದೆ ಅಪ್ಪ ಮಣ್ಣಾದರೆ ಸಾಕು, ಮಗಳ ಬದುಕು ದಡ ಸೇರುತ್ತದೆ ಎಂದು ಸೀನು ಕಂಡ ಕಂಡ ದೇವರನ್ನೆಲ್ಲ ಬೇಡುತ್ತಿದ್ದ. ಹೆತ್ತಪ್ಪ ಸತ್ತ ದಿನ ಬೇಡಿಕೊಳ್ಳುವುದು ಇದನ್ನೇ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

*

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಸೀನು ಹೇಳಿದ್ದು ಒಂದೇ ಸುಳ್ಳು.

ಮೂರು ತಿಂಗಳ ಹಿಂದೆ ದಾಸಪ್ಪನವರು ಹೆಣ್ಣು ನೋಡಲು ಬಂದಿದ್ದರು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಗೋಡೆಯ ಮೇಲಿನ ದೇವರ ಪಟಗಳನ್ನೆಲ್ಲ ಒಂದೊಂದಾಗಿ ನೋಡಿ, ಕೊನೆಗೆ ಮನೆಯಲ್ಲಿ ಕುಡಿಯುವ ಅಭ್ಯಾಸ ಯಾರಿಗಾದರೂ ಇದೆಯೇ ಎಂದು ಕೇಳಿದರು. ಮುನಿಯಣ್ಣ ಆಗ ಮನೆಯಲ್ಲಿರಲಿಲ್ಲ. ಜಯನಗರದ ಪಾರ್ಕಿನಲ್ಲಿ ಮಾಲಿಯ ಕೆಲಸ ಅವನಿಗೆ. ಕೆರೆಯ ಕೆಳಗಿನ ಸೊಪ್ಪಿನ ಹೊಲ ಲೇಔಟಿಗೆ ಹೋದ ಮೇಲೆ, ಇದ್ದ ವಿದ್ಯೆಯೊಂದು ಮಣ್ಣು ಕೆದಕುವುದು, ಅದನ್ನೇ ಪಾರ್ಕಿನಲ್ಲಿ ಮಾಡುತ್ತಿದ್ದ. "ಇಲ್ಲ ಸ್ವಾಮಿ, ನಮ್ಮಪ್ಪ ಮಾಲೆ ಹಾಕ್ಕೊಂಡಿದ್ದಾರೆ," ಎಂದುಬಿಟ್ಟ ಸೀನು. ಇಲ್ಲ ಎಂದಷ್ಟೇ ಹೇಳಿದ್ದರೆ ಮುಗಿದಿತ್ತು. ಬಾಯಿ ಒಂದು ಹೆಜ್ಜೆ ಮುಂದೆ ಹೋಯಿತು. ದಾಸಪ್ಪನವರು ಸಂತೋಷದಿಂದ ಕೈಮುಗಿದರು.

ಹಾಗೆ ನೋಡಿದರೆ ಸೀನುವೂ ಕುಡಿಯುತ್ತಿದ್ದ. ಸಂಬಳದ ದಿನ ಆಫೀಸಿನವರ ಜೊತೆ ಬಾರಿನ ಮೂಲೆಯ ಟೇಬಲ್ಲಿನಲ್ಲಿ ಎರಡು ಪೆಗ್ ಬ್ರಾಂದಿ. ಅದು ಅವನ ಲೆಕ್ಕದಲ್ಲಿ ಕುಡಿತವಲ್ಲ. ಮೇಲೆ ಫ್ಯಾನು, ಕೆಳಗೆ ಕುರ್ಚಿ, ಮುಂದೆ ಗಾಜಿನ ಲೋಟ, ಬಾಗಿಲಿಗೆ ಪರದೆ. ಅಪ್ಪನದು ಹಾಗಲ್ಲವಲ್ಲ. ಕೆರೆ ಏರಿಯ ಮೇಲೆ, ಈಚಲ ಮರದ ಕೆಳಗೆ, ಹೋಗುವವರು ಬರುವವರು ಎಲ್ಲರ ಕಣ್ಣೆದುರಿಗೆ ಹೆಂಡದ ಗಡಿಗೆ ಇಟ್ಟುಕೊಂಡು ಕೂರುವುದು. ಜಯನಗರದ ಹೈಸ್ಕೂಲಿಗೆ ಹೋಗುತ್ತಿದ್ದಾಗ ಹುಡುಗರು ಅವನನ್ನು ಹೆಂಡದ ಮುನಿಯನ ಮಗ ಎಂದೇ ಕರೆಯುತ್ತಿದ್ದರು. ಮಾಸ್ತರರೊಬ್ಬರು ಅದನ್ನು ಕೇಳಿ ನಕ್ಕಿದ್ದರು. ಈಗ ಅವನಿಗೆ ನಲವತ್ತು ದಾಟಿದೆ, ಸರ್ಕಾರಿ ಗುಮಾಸ್ತ, ಇಸ್ತ್ರಿ ಮಾಡಿದ ಪ್ಯಾಂಟು. ಆ ನಗು ಮಾತ್ರ ಇನ್ನೂ ಹೋಗಿರಲಿಲ್ಲ.

ಅದೇ ಸಂಜೆ ಬನಶಂಕರಿ ಗುಡಿಯ ಮುಂದಿನ ಅಂಗಡಿಯಲ್ಲಿ ಮಾಲೆ ಕೊಂಡು ತಂದ. ಅಪ್ಪ ಅದನ್ನು ಅಂಗೈಯಲ್ಲಿಟ್ಟು ಬೆರಳಲ್ಲಿ ಉರುಳಿಸಿ ನೋಡಿದ.

"ಹಾಕ್ಕೊಂಡ್ಮೇಲೆ ಬಿಡ್ಬೇಕಲ್ಲಪ್ಪ," ಎಂದ.

"ಬಿಡೋದೇನೂ ಬೇಡ. ಅವರ ಕಣ್ಣಿಗೆ ಕಂಡ್ರೆ ಸಾಕು. ಆಮೇಲೆ ತೆಗೆದಿಡು."

ಮುನಿಯಣ್ಣ, ವಿಮಲಾಗೆ ಹುಡುಗ ಒಪ್ಪಿಗೆಯೇ ಎಂದು ಕೇಳಿದ. ಒಪ್ಪಿಗೆ ಎಂದ ಮೇಲೆ ಇನ್ನೊಂದು ಮಾತಾಡದೆ ಕತ್ತು ಬಗ್ಗಿಸಿದ. ಸೀನು ತಾನೇ ಹಿಂದೆ ನಿಂತು ಗಂಟು ಬಿಗಿದ.

*

ಭಜನೆಯವರಿಗಿಂತ ಮೊದಲು ಬಂದವರು ಆ ಮೂವರು. ಯಾರು ಬರಬಾರದೆಂದು ಸೀನು ಬೇಡುತ್ತಿದ್ದನೋ ಅವರೇ.

ಮುಂದೆ ಬೈಲಪ್ಪ, ಉತ್ತರಹಳ್ಳಿಯವನು, ಈಚಲ ಮರ ಕೆತ್ತಿ ಹೆಂಡ ಇಳಿಸುವ ಕಸುಬಿನವನು. ಅವನ ಹೆಗಲ ಮೇಲೆ ಒದ್ದೆ ಬಟ್ಟೆ ಮುಚ್ಚಿದ ಗಡಿಗೆ. ಅವನ ಹಿಂದೆ ದೇವದಾಸ್, ಬೀರ್ ಫ್ಯಾಕ್ಟರಿಯಲ್ಲಿ ಬಾಟಲು ತುಂಬುವ ಕಡೆ ಕೆಲಸ. ಕೊನೆಗೆ, ಬಿಳಿ ಪಂಚೆ ಕೆಸರಿಗೆ ತಾಗದಂತೆ ಎತ್ತಿ ಹಿಡಿದು, ಜಯನಗರದ ಶಾಮಣ್ಣನವರು. ಟೆಲಿಫೋನ್ ಇಲಾಖೆಯಿಂದ ರಿಟೈರಾದವರು, ಪಾರ್ಕಿನಲ್ಲಿ ಮುನಿಯಣ್ಣನ ಪರಿಚಯವಾಗಿ ಈ ಕೂಟಕ್ಕೆ ಸೇರಿದವರು. ಭಾನುವಾರ ಎಲ್ಲಿಗೆ ಹೋಗುತ್ತಾರೆಂದು ಅವರ ಹೆಂಡತಿ ಕಾತ್ಯಾಯಿನಿಯವರಿಗೆ ಈ ಹೊತ್ತಿಗೂ ಗೊತ್ತಿಲ್ಲ.

ಸೀನು ಅವರನ್ನು ತಿರುವಿನಲ್ಲೇ ತಡೆದ. ಕಣ್ಣು ಗಡಿಗೆಯ ಮೇಲೆಯೇ ಇತ್ತು.

"ಇದನ್ನ ಇಲ್ಲಿ ಕೊಡಿ ಮಾವ," ಎಂದ.

"ಗೋವಿಂದಕ್ಕ ಹೇಳಿ ಕಳಿಸಿದ್ಲು ಕಣಪ್ಪ, ಬಾಯಿಗೆ ಬಿಡೋಕೆ ಅಂತ..."

"ಗೊತ್ತು ಮಾವ, ಗೊತ್ತು. ಕೊಡಿ."

ಬೈಲಪ್ಪ ಮಗನೇ ಕೇಳುತ್ತಿದ್ದಾನಲ್ಲ ಎಂದು ಜೋಪಾನವಾಗಿ ಇಳಿಸಿ ಕೊಟ್ಟ. ಗಡಿಗೆ ಕೈಗೆ ಬಂದ ಕೂಡಲೇ ಸೀನು ದನಿ ಇನ್ನೂ ತಗ್ಗಿಸಿ, ಕದಿರೇನಹಳ್ಳಿಯವರು ಬರುತ್ತಾರೆ, ಯಾರಾದರೂ ಕೇಳಿದರೆ ಭಜನೆಯ ಸ್ನೇಹಿತರು ಎನ್ನಿ, ವಿಮಲಾಳ ಮದುವೆಯ ಮಾತು ಇದು ಎಂದ. ಹೇಳುವಾಗ ಅವರ ಕಾಲುಗಳನ್ನು ನೋಡುತ್ತಿದ್ದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸರಿ ಬಿಡಪ್ಪ, ಹಂಗೇ ಹೇಳಣ," ಎಂದ ದೇವದಾಸ್.

ಸೀನು ಗಡಿಗೆಯನ್ನು ಟವೆಲಿನಲ್ಲಿ ಮರೆಮಾಡಿ ಮನೆಯ ಹಿಂದಕ್ಕೆ ಹೋದ. ವರ್ಷಗಟ್ಟಲೆ ಹೆಂಡ ಕುಡಿದ ಗಡಿಗೆ, ಮಣ್ಣೆಲ್ಲ ಅದೇ ಹುಳಿ ವಾಸನೆ. ಸಣ್ಣಂದಿನಿಂದ ಅವನಿಗೆ ಆ ವಾಸನೆ ಕಂಡರೆ ಆಗದು. ಮುಖ ಆಚೆ ತಿರುಗಿಸಿ, ಬಚ್ಚಲ ಚರಂಡಿಗೆ ಮಗುಚಿದ. ಬೆಳ್ಳಗೆ ಹರಿದು ಬೂದಿಯಲ್ಲಿ ಇಂಗಿತು. ಮೇಲೆ ಎರಡು ಚೊಂಬು ನೀರು ಹೊಯ್ದು, ಖಾಲಿ ಗಡಿಗೆಯನ್ನು ಸೌದೆಯ ಹಿಂದೆ ಬೋರಲು ಹಾಕಿ ಬಂದ. ಎದೆ ಸ್ವಲ್ಪ ಹಗುರಾಯಿತು. ಅಂಥ ದಿನ ಎದೆ ಹಗುರಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು.

ಅಷ್ಟರಲ್ಲಿ ಶಂಖದ ದನಿ ಕೇಳಿಸಿತು. ದಾಸಪ್ಪನವರು ಬಂದು ಹೆಣದ ಕಾಲಿಗೆ ನಮಸ್ಕಾರ ಮಾಡಿ, ಕೊರಳ ಮಾಲೆಯನ್ನು ಕಣ್ಣಿಗೊತ್ತಿಕೊಂಡು, ಶಾಮಣ್ಣನವರ ಪಕ್ಕವೇ ಕೂತರು. ತಾವು ಹೇಗೆ ಪರಿಚಯ ಎಂದು ವಿಚಾರಿಸಿದರು. ಭಾನುವಾರ ಭಾನುವಾರ ಕೆರೆ ಏರಿಯ ಮೇಲೆ ಸೇರುತ್ತಿದ್ದೆವು ಎಂದರು ಶಾಮಣ್ಣನವರು.

"ಏನು ಹಾಡ್ತಿದ್ರಿ?"

ಶಾಮಣ್ಣನವರು ಕನ್ನಡಕ ತೆಗೆದು ಒರೆಸಿಕೊಂಡರು. "ಅವರವರಿಗೆ ಬಂದದ್ದು."

"ಮುನಿಯಣ್ಣ ಮಾತ್ರ ಸುಮ್ನೆ ಕೂತು ಕೇಳೋರು," ಎಂದ ದೇವದಾಸ್.

"ನಮಗೆಲ್ಲ ಬುದ್ಧಿ ಹೇಳೋನು," ಎಂದು ಬೈಲಪ್ಪ ಸೇರಿಸಿದ. ಅವನ ಕಣ್ಣಲ್ಲಿ ನೀರಿತ್ತು.

ಚಪ್ಪರದ ಬಿದಿರ ಗಳು ಹಿಡಿದು ನಿಂತಿದ್ದ ಸೀನುವಿಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ತಲೆ ನರೆತ ಮೂವರು, ಜೀವದ ಗೆಳೆಯನ ಹೆಣದ ಪಕ್ಕ ಕೂತು, ತನಗೋಸ್ಕರ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡ ಅವನು.

*

ಆ ಭಾನುವಾರಗಳು ಸೀನು ಹುಟ್ಟುವ ಮೊದಲೇ ಶುರುವಾಗಿದ್ದವು. ಅವರು ಕುಡಿಯುವುದಕ್ಕೆ ಕೂಡುತ್ತಿದ್ದರು ಎಂದರೆ ನಿಜ, ಆದರೆ ಅಷ್ಟೇ ಅಂದರೆ ಅನ್ಯಾಯ. ಕುಡಿದದ್ದಕ್ಕಿಂತ ಅದರ ಬಗ್ಗೆ ಆಡಿದ ಮಾತೇ ಹೆಚ್ಚು. ಬೈಲಪ್ಪ ಒಂದು ವಾರ ಉತ್ತರಹಳ್ಳಿಯ ಮರದ್ದು ತಂದರೆ, ಮುಂದಿನ ವಾರ ಕೋಣನಕುಂಟೆಯ ಕಡೆಯದನ್ನು ಬೇಕೆಂತಲೇ ಹೆಸರು ಹೇಳದೆ ತರುತ್ತಿದ್ದ. ಕಲ್ಲುಭೂಮಿಯ ಮರದ್ದು ಸಿಹಿ, ಕೆರೆ ಬದಿಯದು ನೀರು ನೀರು ಎಂದು ವಾದ ಹತ್ತುತ್ತಿತ್ತು. ದೇವದಾಸ್ ಲೇಬಲ್ ಸೊಟ್ಟಗೆ ಕೂತ ಬೀರ್ ಬಾಟಲುಗಳನ್ನು ತಂದು, ಇದನ್ನು ಕುಡಿದು ನೋಡಿ ಆಮೇಲೆ ಹೆಂಡದ ಮಾತಾಡಿ ಎನ್ನುತ್ತಿದ್ದ. ಬೇವಿನ ಕಷಾಯಕ್ಕೆ ಸೋಡಾ ಹಾಕಿದ ಹಾಗಿದೆ ಎಂದು ಬೈಲಪ್ಪ ಉಗಿಯುತ್ತಿದ್ದ. ಶಾಮಣ್ಣನವರು ಮಿಲಿಟರಿಯಲ್ಲಿದ್ದ ಭಾವಮೈದುನ ರಜೆಗೆ ಬಂದಾಗ ಕ್ಯಾಂಟೀನಿನ ಬಾಟಲನ್ನು ಪಂಚಾಂಗದ ಜೊತೆ ಚೀಲದಲ್ಲಿಟ್ಟು ತರುತ್ತಿದ್ದರು. ಕೊನೆಗೆ ತೀರ್ಪು ಮುನಿಯಣ್ಣನದು. ಮೂಸಿ, ಒಂದು ಗುಟುಕು ಬಾಯಲ್ಲಿಟ್ಟು, ಕಣ್ಣು ಮುಚ್ಚಿ, ಇದು ಪರವಾಗಿಲ್ಲ ಎನ್ನುತ್ತಿದ್ದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಮತ್ತೇರಲೆಂದು ಪುಡಿ ಬೆರೆಸಿದ ಅಂಗಡಿಯ ಮಾಲು ಮುಟ್ಟುತ್ತಿರಲಿಲ್ಲ. ಉಳಿದ ದಿನಗಳಲ್ಲೂ ಪಾರ್ಕಿನಿಂದ ಬರುವಾಗ ಒಂದೆರಡು ಲೋಟ ಇದ್ದದ್ದೇ, ಆದರೆ ಹೊತ್ತು ಮುಳುಗಿದ ಮೇಲೆ ತೊಟ್ಟೂ ಇಲ್ಲ. ಕುಡಿದು ಹೆಜ್ಜೆ ತಪ್ಪಿದ್ದನ್ನು, ಹೆಂಡತಿಯ ಮೇಲೆ ದನಿ ಎತ್ತಿದ್ದನ್ನು ಯಾರೂ ಕಂಡವರಿಲ್ಲ. ಇದೆಲ್ಲ ಸೀನುವಿಗೂ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ, ಜಯನಗರದ ಹುಡುಗರಿಗೆ ಗೊತ್ತಿರಲಿಲ್ಲವಲ್ಲ.

ಮಾಲೆ ಕಟ್ಟಿದ ಮೇಲೆ, ಮದುವೆ ಮುಗಿಯುವವರೆಗಾದರೂ ಏರಿಯ ಕಡೆ ಹೋಗಬೇಡ ಎಂದು ಸೀನು ಅಪ್ಪನಿಗೆ ಹೇಳಿದ್ದ. ಅಪ್ಪ ಹೂಂ ಎಂದಿದ್ದ. ಒಂದು ಭಾನುವಾರ ಸೀನು ಸೈಕಲ್ಲಿನಲ್ಲಿ ಏರಿಯ ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದಾಗ ತಲೆಯೆತ್ತಿದರೆ, ಅದೇ ಈಚಲ ಮರ, ಅದೇ ಗುಂಪು, ನಡುವೆ ಅಪ್ಪ. ಕೊರಳಲ್ಲಿ ಮಾಲೆ ಕಾಣುವ ಹಾಗೆಯೇ ಇದೆ, ಕೈಯಲ್ಲಿ ಬೆಳ್ಳಗಿನದು ತುಂಬಿದ ಲೋಟ. ಅಪ್ಪ ಲೋಟ ಎತ್ತಿ ಗಟಗಟ ಕುಡಿದು ಮೀಸೆ ಒರೆಸಿಕೊಂಡ. ಸೀನು ಸೈಕಲ್ ತಿರುಗಿಸಿಕೊಂಡು ಮನೆಗೆ ಬಂದ.

ಜಗಳವಾಡಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಅವನು ಮಾತು ಬಿಟ್ಟ. ಒಂದೇ ಮನೆ, ಒಂದೇ ಹಜಾರ, ಅಪ್ಪ ಎದುರಿಗೆ ಬಂದರೆ ಪೇಪರ್ ಎತ್ತಿಕೊಳ್ಳುವುದು. ಮುನಿಯಣ್ಣನ ಕೈ ನಡುಗತೊಡಗಿತು. ಮುದ್ದೆ ಮುರಿಯಲಾರದೆ ತಟ್ಟೆ ಸರಿಸಿ ಏಳುತ್ತಿದ್ದ. ನಿದ್ದೆ ಇಲ್ಲ. ಕುಡಿತ ಮಿತಿ ಮೀರಿದೆ, ಅದಕ್ಕೇ ಕೈ ನಡುಗುತ್ತಿದೆ ಎಂದು ಸೀನು ತೀರ್ಮಾನಿಸಿದ. ಆಮೇಲೆ ಜ್ವರ ಹಿಡಿಯಿತು. ಡಾಕ್ಟರಿಗೆ ತೋರಿಸಿದ, ಔಷಧಿ ತಂದುಕೊಟ್ಟ, ಮಗ ಮಾಡಬೇಕಾದ್ದನ್ನೆಲ್ಲ ಮಾಡಿದ, ಮಾತೊಂದನ್ನು ಬಿಟ್ಟು. ನಿನ್ನೆ ಆಫೀಸಿಗೆ ಹೊರಟಾಗ ಅಪ್ಪ, "ಸೀನ, ಒಂದು ಗಳಿಗೆ ಕೂತ್ಕೊಳೋ," ಎಂದಿದ್ದ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಸೀನು ಗೋಡೆಗೆ ಹೇಳಿ ಹೋಗಿದ್ದ.

*

ಮೈತೊಳೆದು ಹೊಸ ಪಂಚೆ ಉಡಿಸಿದರು. ಚಟ್ಟ ಸಿದ್ಧವಾಯಿತು. ದಾಸಪ್ಪನವರು ತುಳಸಿ ತೀರ್ಥ ಬಿಟ್ಟರು, ಮನೆಯವರು ಒಬ್ಬೊಬ್ಬರಾಗಿ ಹಾಲುನೀರು ಬಿಟ್ಟರು. ವಿಮಲಾ ತಾತನ ಮೀಸೆಯ ಮೇಲೆ ಬಿದ್ದ ಹನಿಯನ್ನು ಸೆರಗಿನಲ್ಲಿ ಒರೆಸಿದಳು. ಎಲ್ಲರದೂ ಆದ ಮೇಲೆ ಗೋವಿಂದಮ್ಮ ತಲೆಯೆತ್ತಿದಳು.

"ಸೀನ, ಬೈಲಪ್ಪಣ್ಣ ತಂದಿದ್ದ ಗಡಿಗೆ ಎಲ್ಲಪ್ಪ?"

ಭಜನೆ ಆಗಷ್ಟೇ ನಿಂತಿತ್ತು, ಆ ಮಾತು ಎಲ್ಲರಿಗೂ ಕೇಳಿಸಿತು. ಅವ್ವನಿಗೆ ದುಃಖದಲ್ಲಿ ಬುದ್ಧಿ ಎಲ್ಲೋ ಹೋಗಿದೆ, ದಾಸಪ್ಪನವರ ಎದುರಿಗೇ ಕೇಳುತ್ತಿದ್ದಾಳೆ ಎಂದುಕೊಂಡ. "ಯಾವ ಗಡಿಗೆ ಅವ್ವ, ಸುಮ್ನಿರು," ಎಂದ.

"ಮಜ್ಜಿಗೆ ಗಡಿಗೆ ಕಣೋ."

ಅವನಿಗೆ ಅರ್ಥವಾಗಲಿಲ್ಲ.

"ಮಾಲೆ ಹಾಕ್ಕೊಂಡಾಗ್ಲಿಂದ ನಿಮ್ಮಪ್ಪ ಭಾನುವಾರ ಕುಡೀತಿದ್ದಿದ್ದು ಬೈಲಪ್ಪಣ್ಣನ ಮನೆ ಮಜ್ಜಿಗೆ ಅಲ್ವಾ. ನಿನ್ನೆ ಸಾಯಂಕಾಲನೂ ಕೇಳ್ತು ಜೀವ. ಬೆಳಿಗ್ಗೆ ತರಿಸ್ತೀನಿ ಅಂದಿದ್ದೆ. ಒಂದು ಗುಟುಕು ಬಿಡ್ತೀನಿ, ತಗೊಂಬಾ."

ಮಾಲೆ ಹಾಕಿದವರಿಗೆ ಮಜ್ಜಿಗೆಯೇ ಅಮೃತ, ತರಿಸಿ ತರಿಸಿ ಎಂದು ದಾಸಪ್ಪನವರು ತಲೆದೂಗಿದರು. ಬೈಲಪ್ಪ ಸೀನುವನ್ನೇ ನೋಡುತ್ತಿದ್ದ. ನಿನ್ನ ಕೈಗೇ ಕೊಟ್ಟೆನಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಸೀನು ಹಿತ್ತಿಲಿಗೆ ಹೋದ. ಸೌದೆಯ ಹಿಂದಿನಿಂದ ಗಡಿಗೆ ತೆಗೆದು ಬೆಳಕಿಗೆ ಹಿಡಿದು ನೋಡಿದ. ತಳದಲ್ಲಿ ಒಂದು ಎಳೆ ಕೊತ್ತಂಬರಿ ಅಂಟಿಕೊಂಡಿತ್ತು. ಚರಂಡಿಯಲ್ಲಿ ಉಳಿದದ್ದು ಬೂದಿಯ ಕೆಸರು ಮಾತ್ರ. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತದೆ ಲೋಕ ಎಂಬ ಗಾದೆಯನ್ನು ಮಗುವೂ ಹೇಳುತ್ತದೆ. ಲೋಕ ಎಂದರೆ ಬೇರೆ ಯಾರೋ ಎಂದು ಅವನು ಇಷ್ಟು ದಿನ ತಿಳಿದಿದ್ದ.

ಹೊರಗೆ ಬಂದು, ಕೈತಪ್ಪಿ ಚೆಲ್ಲಿಹೋಯಿತು ಎಂದ. ಗೋವಿಂದಮ್ಮ ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು.

"ಹೋಗ್ಲಿ ಬಿಡು. ನಿಮ್ಮಪ್ಪನ ಋಣ ಅಷ್ಟೇ ಇತ್ತು," ಎಂದು ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಗಂಡನ ತುಟಿಗೆ ಒತ್ತಿದಳು.

*

ಕೆರೆಯ ಹಿಂದಿನ ಮಸಣಕ್ಕೆ ಹೋಗುವ ದಾರಿಯುದ್ದಕ್ಕೂ ಜಾಗಟೆ ಮೊಳಗುತ್ತಿತ್ತು. ಹೊಸ ಲೇಔಟಿನ ಮನೆಗಳ ಕಾಂಪೌಂಡುಗಳಿಂದ ಜನ ಇಣುಕಿ, ಯಾರೋ ದೊಡ್ಡ ಭಕ್ತರು ಇರಬೇಕೆಂದು ಕೈಮುಗಿದರು. ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದ ಸೀನುವಿನ ಪಕ್ಕಕ್ಕೆ ದೇವದಾಸ್ ಬಂದ.

ಅವನು ದೂರಲು ಬಂದವನಲ್ಲ. ಹೇಳಿಕೊಳ್ಳದಿದ್ದರೆ ತಡೆಯದು ಎಂದು ಬಂದವನು. ಮಾಲೆ ಕಟ್ಟಿಕೊಂಡ ಮರುವಾರವೇ ಮುನಿಯಣ್ಣ ಎಂದಿನಂತೆ ಏರಿಗೆ ಬಂದನಂತೆ. ಸುತ್ತು ಬಂದಾಗ ಲೋಟ ಮೂಗಿನ ಹತ್ತಿರ ಹಿಡಿದು, ಇದು ಕೋಣನಕುಂಟೆಯದು ಎಂದು ಸರಿಯಾಗಿ ಹೇಳಿ, ಪಕ್ಕಕ್ಕೆ ದಾಟಿಸಿದನಂತೆ. ಮೂಸುವುದಕ್ಕೆ ಮಾಲೆಯ ಅಡ್ಡಿಯಿಲ್ಲ ಎಂದು ನಕ್ಕನಂತೆ. ವಾರ ವಾರವೂ ಹಾಗೆಯೇ ನಡೆಯಿತು. ಕೈ ನಡುಗುವುದಕ್ಕೆ ಶುರುವಾದಾಗ ಇವರಿಗೆ ಹೆದರಿಕೆಯಾಯಿತು. ಹರೆಯದಿಂದ ಮೈಗೆ ಹತ್ತಿದ್ದನ್ನು ಹೀಗೆ ಒಂದೇ ಸಲ ಬಿಡಬಾರದು, ದಿನಕ್ಕೆ ಒಂದು ಲೋಟವಾದರೂ ತಗೋ ಎಂದು ಶಾಮಣ್ಣನವರು ಕೈಹಿಡಿದು ಬೇಡಿಕೊಂಡರು.

"ನಾನೂ ಹೇಳ್ದೆ ಕಣಪ್ಪ, ಮಾಲೆ ಒಂದು ಗಳಿಗೆ ತೆಗ್ದಿಟ್ಟು ಕುಡಿ ಅಂತ. ತೆಗ್ದಿಡೋಕೆ ಅದೇನು ಟೋಪಿನಾ ಅಂದ," ಎಂದ ದೇವದಾಸ್. ನಾಲ್ಕು ಹೆಜ್ಜೆ ನಡೆದು ಮತ್ತೆ ಹೇಳಿದ. "ನಮ್ಮ ಸೀನ ನಾಲ್ಕು ಜನದ ಮುಂದೆ ಮಾತು ಕೊಟ್ಟವ್ನೆ. ನಾನು ಕುಡಿದ್ರೆ ಅದು ಸುಳ್ಳಾಗ್ತದೆ. ಕುಡೀದಿದ್ರೆ ನಿಜ ಆಗ್ತದೆ. ಇಷ್ಟೇ ತಾನೆ ಅಂದ."

ಸೀನುವಿಗೆ ಮುಂದಿನ ದಾರಿ ಕಾಣಲಿಲ್ಲ. ಹೊಗೆಯಿಂದ ಕಣ್ಣುರಿ ಎಂದು ಭುಜಕ್ಕೆ ಮುಖ ಒರೆಸಿಕೊಂಡ.

ಗುಂಡಿಯಲ್ಲಿ ಇಳಿಸಿದ ಮೇಲೆ, ಮಣ್ಣು ಹಾಕುವ ಮೊದಲು, ದಾಸಪ್ಪನವರು ಕೈಯೆತ್ತಿ ತಡೆದರು. ಮಾಲೆಯನ್ನು ಮಣ್ಣಿಗೆ ಹಾಕುವುದಿಲ್ಲ, ಅದು ಹಿರಿಮಗನ ಕೊರಳಿಗೆ ಬರಬೇಕು, ಅಪ್ಪನ ವ್ರತವನ್ನು ಮಗ ನಡೆಸಬೇಕು, ಇದು ನಮ್ಮಲ್ಲಿ ಹಿಂದಿನಿಂದ ಬಂದದ್ದು ಎಂದರು. ಗುಂಡಿಗೆ ಇಳಿದು ಗಂಟು ಬಿಚ್ಚಲು ನೋಡಿದರು. ಅದು ಬಿಚ್ಚಲಿಲ್ಲ. ಹೆಣದ ತಲೆಯನ್ನು ಮೆಲ್ಲಗೆ ಎತ್ತಿ ಮೇಲಿನಿಂದಲೇ ತೆಗೆದುಕೊಂಡರು. ಬರಿದಾದ ಕತ್ತಿನ ಸುತ್ತ ಚರ್ಮದಲ್ಲಿ ಮಣಿಗಳ ಗುರುತು ಉಳಿದಿತ್ತು.

"ನಡೆಸ್ಕೊಂಡು ಹೋಗ್ತೀನಿ ಅನ್ನಿ, ಬೀಗರೇ."

ಸೀನು ಬಾಯಿ ತೆರೆದ. ಎಲ್ಲ ಹೇಳಿಬಿಡಬೇಕು ಎಂದು ಗಂಟಲವರೆಗೆ ಬಂದಿತ್ತು. ನಾನು ಸುಳ್ಳು ಹೇಳಿದೆ, ಕುಡಿಯುವವನು ನಾನು, ಈ ಕೊರಳಿಗೆ ಇದು ತಕ್ಕದ್ದಲ್ಲ. ಆದರೆ ಹೇಳಿದರೆ ವಿಮಲಾಳ ಮದುವೆ ನಿಲ್ಲುತ್ತದೆ. ಅಪ್ಪ ಬಿಟ್ಟದ್ದು, ನಡುಗಿದ್ದು, ಹಸಿದದ್ದು ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಗುತ್ತದೆ. ತಪ್ಪು ಒಪ್ಪಿಕೊಳ್ಳುವ ದಾರಿಯನ್ನೂ ಅಪ್ಪ ಅವನಿಗೆ ಉಳಿಸಿ ಹೋಗಿರಲಿಲ್ಲ. ಗುಂಡಿಯ ಆಚೆ ದಡದಲ್ಲಿ ಮೂವರು ಗೆಳೆಯರು ಕೈಕಟ್ಟಿ ನಿಂತು ನೋಡುತ್ತಿದ್ದರು.

"ನಡೆಸ್ಕೊಂಡು ಹೋಗ್ತೀನಿ," ಎಂದ. ದಾಸಪ್ಪನವರು ಮಾಲೆ ಹಾಕಿದರು. ಮಣಿಗಳು ತಣ್ಣಗಿದ್ದವು.

ಮಣ್ಣಾಯಿತು. ಕೆರೆಯಲ್ಲಿ ಕಾಲು ತೊಳೆದರು. ಸೂತಕ ಕಳೆಯಲಿ, ಮದುವೆಯ ಮಾತು ನಿಲ್ಲುವುದಿಲ್ಲ, ಅಂಥ ಹಿರಿಯರ ಮನೆಯ ಹೆಣ್ಣು ನಮ್ಮ ಮನೆಗೆ ಬರುವುದೇ ಪುಣ್ಯ ಎಂದು ದಾಸಪ್ಪನವರು ಸೀನುವಿನ ಭುಜ ತಟ್ಟಿ, ಭಜನೆಯವರೊಂದಿಗೆ ಕದಿರೇನಹಳ್ಳಿಯ ದಾರಿ ಹಿಡಿದರು. ನೆಂಟರು ಸತ್ತ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಲು ಮನೆಯ ಕಡೆ ಹೊರಟರು. ಸೀನು ಅವರ ಜೊತೆ ಸ್ವಲ್ಪ ದೂರ ನಡೆದವನು ನಿಂತು, ತಿರುಗಿ, ಏರಿ ಹತ್ತಿದ.

ಮೂವರೂ ಈಚಲ ಮರದ ಕೆಳಗೆ ಕೂತಿದ್ದರು. ಬೈಲಪ್ಪ ಮರದ ಮೇಲಿನ ಗಡಿಗೆಯನ್ನು ಆಗಲೇ ಇಳಿಸಿದ್ದ. ಸತ್ತವನ ಹೆಸರು ಹೇಳಿ ಮೊದಲು ನೆಲಕ್ಕೆ ಸುರಿದು, ನೊರೆ ಇಂಗುವವರೆಗೆ ಕಾದ. ಸೀನುವನ್ನು ಕಂಡು ಯಾರೂ ಬೆರಗಾಗಲಿಲ್ಲ, ಯಾಕೆ ಬಂದೆ ಎನ್ನಲಿಲ್ಲ. ಶಾಮಣ್ಣನವರು ಪಂಚೆ ಎಳೆದುಕೊಂಡು ಜಾಗ ಬಿಟ್ಟರು. ಹುಟ್ಟಿದಾಗಿನಿಂದ ದೂರದಲ್ಲೇ ನಿಂತು ನೋಡಿದ್ದ ಆ ವೃತ್ತದೊಳಗೆ ಸೀನು ಮೊದಲ ಸಲ ಕೂತ. ಅವರ ಕೈಯಿಂದ ಒಂದು ಗುಟುಕು ಇಸಿದುಕೊಂಡು, ಇಷ್ಟು ವರ್ಷ ಹೇಸಿದ್ದನ್ನು ಒಮ್ಮೆಯಾದರೂ ನಾಲಿಗೆಗೆ ಮುಟ್ಟಿಸಿ, ಅಪ್ಪನ ಹೆಸರಲ್ಲಿ ಪರವಾಗಿಲ್ಲ ಎನ್ನಬೇಕೆಂದು ಅವನ ಜೀವ ಬಾಯಿ ಬಿಡುತ್ತಿತ್ತು.

ಸುತ್ತು ದೇವದಾಸನಿಂದ ಶುರುವಾಯಿತು. ಎಲೆಯ ದೊನ್ನೆ ತುಂಬಿತು. ಆಮೇಲೆ ಸೀನುವಿನ ಸರದಿ. ಅವನು ಎರಡೂ ಅಂಗೈ ಜೋಡಿಸಿ ಬೊಗಸೆ ಮುಂದೆ ಚಾಚಿದ. ಬೈಲಪ್ಪ ಗಡಿಗೆ ಬಗ್ಗಿಸಿದ. ಅಂಚಿನವರೆಗೆ ಬಂದ ಹೆಂಡ ಅಲ್ಲೇ ನಿಂತಿತು. ಬೈಲಪ್ಪನ ಕಣ್ಣು ಸೀನುವಿನ ಕೊರಳ ಮೇಲಿತ್ತು. ಅವನು ಗಡಿಗೆಯನ್ನು ನೆಟ್ಟಗೆ ಮಾಡಿದ. ಒಂದು ಹನಿಯೂ ಬೀಳದ ಹಾಗೆ ಅದನ್ನು ಸೀನುವಿನ ಬೊಗಸೆಯ ಮೇಲಿಂದ ದಾಟಿಸಿ, ಪಕ್ಕದ ಶಾಮಣ್ಣನವರ ದೊನ್ನೆಗೆ ಹೊಯ್ದ.